ಸ್ಟೆಂಟ್ ಹಾಕಿದ ಮೇಲೂ ಹೆಪ್ಪುಗಟ್ಟಿದ್ದೇಕೆ? ಗುಬ್ಬಿ ಕಡೆಯ ಒಂದು ಪ್ರಕರಣ

ಯುಗಾದಿ ಕಳೆದ ಮೂರನೇ ದಿನ. ಬೆಳಿಗ್ಗೆ ಏಳೂವರೆ ಇರಬೇಕು, ಅಂಗಡಿ ಇನ್ನೂ ತೆಗೆದಿರಲಿಲ್ಲ. ಫೋನ್ ಬಂತು.

"ಅಣ್ಣಾ, ಅಪ್ಪಂಗೆ ಮತ್ತೆ ಎದೆ ಹಿಡ್ಕೊಂಡಿದೆ. ತುಮಕೂರಿಗೆ ಕರ್ಕೊಂಡು ಬರ್ತಾ ಇದೀವಿ. ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ ಅಣ್ಣಾ, ನಾನೇ ಕೈಯಾರೆ ಕೊಡ್ತಿದ್ದೆ."

ನಾನು ತುಮಕೂರಿನಲ್ಲಿ ಮೆಡಿಕಲ್ ಸ್ಟೋರ್ ನಡೆಸುವ ಫಾರ್ಮಸಿಸ್ಟ್. ಫೋನ್ ಮಾಡಿದ ಹುಡುಗನ ತಂದೆಗೆ ಆಗ 57 ವರ್ಷ. ಗುಬ್ಬಿ ತಾಲ್ಲೂಕಿನವರು. ತೆಂಗಿನ ತೋಟ, ಸ್ವಲ್ಪ ಅಡಿಕೆ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹಾಕುತ್ತಾರೆ. ತಿಂಗಳಿಗೊಮ್ಮೆ ನಮ್ಮ ಅಂಗಡಿಗೆ ಬಂದು ಮಾತ್ರೆ ಒಯ್ಯುತ್ತಾರೆ. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ. ಅವರ ಊರಲ್ಲಿ ಎಲ್ಲರೂ ಯಜಮಾನರು ಅಂತಾರೆ, ನಾನೂ ಹಾಗೇ ಕರೆಯುತ್ತೇನೆ.

ಮಾತ್ರೆ ತಪ್ಪಿಸಿಲ್ಲ ಎಂದು ಮಗ ಹೇಳಿದ್ದು ನಿಜ. ಸ್ಟ್ರಿಪ್‌ಗಳನ್ನು ಎಣಿಸಿ ನೋಡಿದೆ, ಲೆಕ್ಕ ಸರಿಯಾಗಿತ್ತು. ಹಾಗಿದ್ದರೆ ಹೆಪ್ಪು ಕಟ್ಟಿದ್ದು ಹೇಗೆ? ಅದನ್ನು ಹುಡುಕುತ್ತಾ ಹೋದಾಗ, ಕಾಲೇಜಿನಲ್ಲಿ ಪರೀಕ್ಷೆಗೆ ಓದಿ ಮರೆತಿದ್ದ ಕಾರ್ಬಾಕ್ಸಿಲ್‌ಎಸ್ಟರೇಸ್ ಎಂಬ ಕಿಣ್ವದ ಮುಂದೆ ಬಂದು ನಿಂತೆ.

ಮೊದಲು ನಡೆದದ್ದು

ಸಂಕ್ರಾಂತಿ ಕಳೆದ ವಾರ ಯಜಮಾನರಿಗೆ ಹೃದಯಾಘಾತ ಆಗಿತ್ತು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿದರು. ನಾಲ್ಕು ದಿನಕ್ಕೆ ಮನೆಗೆ ಕಳಿಸಿದರು. ಚೀಟಿಯಲ್ಲಿ ಇದ್ದದ್ದು ಇಷ್ಟು: ಆಸ್ಪಿರಿನ್ 75 ಮಿಲಿಗ್ರಾಂ, ಕ್ಲೊಪಿಡೊಗ್ರೆಲ್ 75, ರಾಮಿಪ್ರಿಲ್ 2.5, ಮೆಟೊಪ್ರೊಲಾಲ್, ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್. ಹೊಟ್ಟೆ ಉರಿಯದಿರಲಿ ಅಂತ ಪ್ಯಾಂಟೊಪ್ರಜೋಲ್, ಅದು ಒಂದು ತಿಂಗಳಿಗೆ ಮಾತ್ರ.

ಸ್ಟೆಂಟ್ ಅಂದರೆ ಲೋಹದ ಸಣ್ಣ ಜಾಲರಿ. ಹೊರಗಿನ ವಸ್ತು ಒಳಗೆ ಬಂದು ಕೂತಿದೆ ಅಂತ ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಅದಕ್ಕೆ ಅಂಟಿಕೊಳ್ಳಲು ನೋಡುತ್ತವೆ. ಅವನ್ನು ಸುಮ್ಮನಿರಿಸಲು ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ಬೇಕು. ಜನ ಇವನ್ನು ರಕ್ತ ತೆಳು ಮಾಡೋ ಮಾತ್ರೆ ಅಂತಾರೆ. ರಕ್ತವೇನೂ ತೆಳುವಾಗುವುದಿಲ್ಲ, ಪ್ಲೇಟ್‌ಲೆಟ್‌ಗಳ ಅಂಟು ಕಡಿಮೆಯಾಗುತ್ತದೆ, ಅಷ್ಟೆ.

ಶಿವರಾತ್ರಿ ಹೊತ್ತಿಗೆ ಯಜಮಾನರು ಚೆನ್ನಾಗೇ ಇದ್ದರು. ಸಿದ್ಧಗಂಗೆ ಜಾತ್ರೆಗೆ ಬಂದರು, ದನಗಳ ಸಾಲಿನಲ್ಲಿ ಅರ್ಧ ದಿನ ಅಡ್ಡಾಡಿದರು. ಸಂಜೆ ನಮ್ಮ ಅಂಗಡಿಗೆ ಬಂದಾಗ ಹೊಟ್ಟೆ ಉರಿ ಅಂದರಂತೆ. ಪ್ಯಾಂಟೊಪ್ರಜೋಲ್ ಮುಗಿದು ಕೆಲವು ದಿನ ಆಗಿತ್ತು. ನಾನು ಊಟಕ್ಕೆ ಹೋಗಿದ್ದೆ. ಕೌಂಟರ್‌ನಲ್ಲಿದ್ದ ಹುಡುಗ ಗ್ಯಾಸ್ಟ್ರಿಕ್ ಮಾತ್ರೆ ಅಂತ ಒಮೆಪ್ರಜೋಲ್ 20 ಮಿಲಿಗ್ರಾಂ ಕ್ಯಾಪ್ಸೂಲ್ ಕೊಟ್ಟ. ಎರಡು ಸ್ಟ್ರಿಪ್. ಚೀಟಿ ಕೇಳಲಿಲ್ಲ, ಬೇರೆ ಏನು ಮಾತ್ರೆ ತಗೊಳ್ತೀರಿ ಅಂತಲೂ ಕೇಳಲಿಲ್ಲ.

ಒಮೆಪ್ರಜೋಲ್ ಶೆಡ್ಯೂಲ್ ಹೆಚ್ ಔಷಧ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಊರಿನ ಎಲ್ಲ ಕೌಂಟರ್‌ಗಳಲ್ಲೂ ಇದು ಶುಂಠಿ ಪೆಪ್ಪರ್‌ಮೆಂಟ್ ಮಾರಿದ ಹಾಗೆ ಹೋಗುತ್ತದೆ. ನಮ್ಮ ಅಂಗಡಿಯಿಂದಲೂ ಹೋಯಿತು. ಹುಡುಗನ ಮೇಲೆ ನಾನು ಹಾಕುವುದಿಲ್ಲ. ಅವನಿಗೆ ಹೇಳಿಕೊಡಬೇಕಾದವನು ನಾನು.

ಅಲ್ಲಿಂದ ಒಂದು ತಿಂಗಳ ಮೇಲೆ ಆ ಫೋನ್ ಬಂತು. ತುಮಕೂರಿನಲ್ಲಿ ಇಸಿಜಿ ಮಾಡಿ ತುರ್ತು ಚಿಕಿತ್ಸೆ ಕೊಟ್ಟು, 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಆಂಬ್ಯುಲೆನ್ಸ್‌ನಲ್ಲಿ ಕಳಿಸಿದರು. ಸ್ಟೆಂಟ್ ಒಳಗೇ ಹೆಪ್ಪು ಕಟ್ಟಿ ದಾರಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿತ್ತು. ತೆರೆದರು, ಜೀವ ಉಳಿಯಿತು.

"ಮಾತ್ರೆ ಡೂಪ್ಲಿಕೇಟಾ?"

ಮೂರು ದಿನ ಬಿಟ್ಟು ಮಗ ಅಂಗಡಿಗೆ ಬಂದ. ನಿದ್ದೆ ಇಲ್ಲದ ಕಣ್ಣು. ಮೊದಲ ಮಾತೇ ಇದು: "ಅಣ್ಣಾ, ತಪ್ಪು ತಿಳ್ಕೋಬೇಡಿ. ಮಾತ್ರೆ ಡೂಪ್ಲಿಕೇಟಾ?"

ಬ್ಯಾಚ್ ನಂಬರ್, ಬಿಲ್ಲು, ಡಿಸ್ಟ್ರಿಬ್ಯೂಟರ್ ಇನ್‌ವಾಯ್ಸ್ ಎಲ್ಲ ತೆಗೆದು ತೋರಿಸಿದೆ. ಮಾತ್ರೆ ಸರಿಯಾದದ್ದೇ. ಆದರೆ ಅವನ ಅನುಮಾನ ತಪ್ಪಲ್ಲ. ತಗೊಂಡ ಮಾತ್ರೆ ಕೆಲಸ ಮಾಡಿಲ್ಲ ಅಂದರೆ ಯಾರಿಗಾದರೂ ಮೊದಲು ಹೊಳೆಯುವುದು ಇದೇ ತಾನೆ? ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಕ್ಲೊಪಿಡೊಗ್ರೆಲ್ ಮಾತ್ರೆಯಲ್ಲಿ ಇರುವ ವಸ್ತು ತಾನೇ ಏನೂ ಮಾಡುವುದಿಲ್ಲ. ಅದು ದೇಹದ ಒಳಗೆ ಹೋಗಿ ಬದಲಾಗಬೇಕು. ಬದಲಾದದ್ದು ಮಾತ್ರ ಪ್ಲೇಟ್‌ಲೆಟ್ ಮೇಲೆ ಕೂರುತ್ತದೆ.

ಬದಲಾಗುವ ಮೊದಲೇ ಅದರಲ್ಲಿ ಬಹುಪಾಲು ನಾಶವಾಗುತ್ತದೆ. ನೂರು ಭಾಗ ಕ್ಲೊಪಿಡೊಗ್ರೆಲ್ ಒಳಗೆ ಹೋದರೆ ಸುಮಾರು 85 ಭಾಗವನ್ನು ಲಿವರ್‌ನಲ್ಲಿರುವ ಕಾರ್ಬಾಕ್ಸಿಲ್‌ಎಸ್ಟರೇಸ್ 1, ಚಿಕ್ಕದಾಗಿ ಸಿಇಎಸ್1, ಕತ್ತರಿಸಿ ಕೆಲಸಕ್ಕೆ ಬಾರದ ಆಮ್ಲವಾಗಿಸಿಬಿಡುತ್ತದೆ. ಈ ಮಾತ್ರೆ ನುಂಗಿದವರ ರಕ್ತದಲ್ಲಿ ಹುಡುಕಿದರೆ ಎಲ್ಲಕ್ಕಿಂತ ಜಾಸ್ತಿ ಸಿಗುವುದು ಆ ಸತ್ತ ಆಮ್ಲವೇ. ಉಳಿದ 15 ಭಾಗ ಸಿವೈಪಿ ಗುಂಪಿನ ಬೇರೆ ಕಿಣ್ವಗಳ ಕೈಗೆ ಹೋಗುತ್ತದೆ. ಅಲ್ಲಿ ಎರಡು ಮೆಟ್ಟಿಲು. ಎರಡರಲ್ಲೂ ಸಿವೈಪಿ2ಸಿ19 ಎಂಬ ಕಿಣ್ವಕ್ಕೆ ದೊಡ್ಡ ಪಾತ್ರ. ನಡುವಿನ ಮೆಟ್ಟಿಲಲ್ಲಿ ನಿಂತ ವಸ್ತುವನ್ನೂ ಸಿಇಎಸ್1 ಬಿಡುವುದಿಲ್ಲ, ಅದರಲ್ಲೂ ಒಂದಷ್ಟನ್ನು ಕತ್ತರಿಸುತ್ತದೆ. ಕೊನೆಗೆ ಪ್ಲೇಟ್‌ಲೆಟ್ ತನಕ ಮುಟ್ಟುವುದು ನುಂಗಿದ್ದರ ಒಂದು ಚೂರು.

75 ಮಿಲಿಗ್ರಾಂ ಅನ್ನುವ ಅಳತೆಯನ್ನು ಈ ನಷ್ಟವನ್ನೂ ಸೇರಿಸಿಯೇ ಹಾಕಿದ್ದಾರೆ. ಹಾಗಾಗಿ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಉಳಿಯುವುದೇ ಇಷ್ಟು ಸಣ್ಣ ಪಾಲು ಅಂದಾಗ, ಆ ಪಾಲಿನ ದಾರಿಗೆ ಸ್ವಲ್ಪ ಅಡ್ಡಿ ಬಂದರೂ ಪೆಟ್ಟು ಜೋರಾಗಿರುತ್ತದೆ. ಒಮೆಪ್ರಜೋಲ್ ಅಡ್ಡಿ ಮಾಡುವುದು ಅಲ್ಲೇ. ಅದು ಸಿವೈಪಿ2ಸಿ19 ಕಿಣ್ವವನ್ನು ಹಿಡಿದುಕೊಂಡು ಕೂರುತ್ತದೆ. ಅಮೆರಿಕದ ಔಷಧ ನಿಯಂತ್ರಕರಾದ ಎಫ್‌ಡಿಎ 2009ರಲ್ಲೇ ಇವೆರಡನ್ನು ಒಟ್ಟಿಗೆ ಕೊಡಬೇಡಿ ಎಂದು ಎಚ್ಚರಿಸಿತ್ತು. ಪ್ಯಾಂಟೊಪ್ರಜೋಲ್‌ಗೆ ಈ ಹಿಡಿತ ತೀರಾ ಕಡಿಮೆ. ಬೆಂಗಳೂರಿನ ಡಾಕ್ಟರ್ ಅದನ್ನೇ ಬರೆದಿದ್ದು ಸುಮ್ನೆ ಅಲ್ಲ.

"ಹಾಗಾದ್ರೆ ಎರಡು ಮಾತ್ರೆ ಕೊಟ್ಟಿದ್ರೆ ಆಗ್ತಿತ್ತಾ?" ಅಂದ ಮಗ. ಎರಡು ಕೊಟ್ಟರೂ ಸಿಇಎಸ್1 ತನ್ನ ದೊಡ್ಡ ಪಾಲನ್ನು ತೆಗೆದುಕೊಂಡೇ ಬಿಡುತ್ತದೆ. ಮುಂದಿನ ಬಾಗಿಲು ಕಿರಿದಾಗಿದ್ದರೆ, ಹಿಂದೆ ಜನ ಜಾಸ್ತಿ ಬಂದ ಮಾತ್ರಕ್ಕೆ ಎಲ್ಲರೂ ಒಳಗೆ ಹೋಗುವುದಿಲ್ಲ. ಸ್ವಂತ ಬುದ್ಧಿಯಿಂದ ಮಾತ್ರೆ ಎರಡು ಮಾಡಿಕೊಂಡವರನ್ನು ನಾನು ಕಂಡಿದ್ದೇನೆ. ಅದು ಸರಿಯಾದ ದಾರಿ ಅಲ್ಲವೇ ಅಲ್ಲ.

ಕಿಣ್ವ ಏನು ಕತ್ತರಿಸುತ್ತದೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಈ ಭಾಗ ಅರ್ಥವಾದರೆ ಯಜಮಾನರ ಇಡೀ ಚೀಟಿ ಅರ್ಥವಾಗುತ್ತದೆ.

ಹಳೆಯ ಆಸ್ಪಿರಿನ್ ಡಬ್ಬಿ ತೆರೆದು ಮೂಸಿ ನೋಡಿ. ಮಳೆಗಾಲದಲ್ಲಿ ತೇವ ತಾಗಿದ್ದರೆ ವಿನೆಗರ್ ವಾಸನೆ ಬರುತ್ತದೆ. ಆಸ್ಪಿರಿನ್ ಒಂದು ಎಸ್ಟರ್. ಎಸ್ಟರ್ ಅಂದರೆ ಒಂದು ಆಮ್ಲ ಮತ್ತು ಒಂದು ಆಲ್ಕೊಹಾಲ್ ಭಾಗ ಕೈ ಹಿಡಿದು ನಿಂತ ಜೋಡಿ. ನೀರು ನಡುವೆ ಬಂದರೆ ಕೈ ಬಿಡುತ್ತದೆ. ಆಸ್ಪಿರಿನ್ ಬಿಡಿಸಿಕೊಂಡಾಗ ಒಂದು ಕಡೆ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿ, ಇನ್ನೊಂದು ಕಡೆ ಸ್ಯಾಲಿಸಿಲಿಕ್ ಆಮ್ಲ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಹಿಡಿಯುವ ಈ ಕೆಲಸವನ್ನು ಎಸ್ಟರೇಸ್ ಕಿಣ್ವಗಳು ದೇಹದೊಳಗೆ ಬೇಗ ಮುಗಿಸುತ್ತವೆ. ರಕ್ತದಲ್ಲಿ ಆಸ್ಪಿರಿನ್ ಪ್ರಮಾಣ ಅರ್ಧಕ್ಕಿಳಿಯಲು 15-20 ನಿಮಿಷ ಸಾಕು.

ಮನುಷ್ಯರಲ್ಲಿ ಔಷಧಗಳ ವಿಷಯಕ್ಕೆ ಮುಖ್ಯವಾದವು ಎರಡು ಕಾರ್ಬಾಕ್ಸಿಲ್‌ಎಸ್ಟರೇಸ್‌ಗಳು. ಸಿಇಎಸ್1 ಲಿವರ್‌ನಲ್ಲಿ ಧಾರಾಳ. ಸಿಇಎಸ್2 ಸಣ್ಣ ಕರುಳಿನಲ್ಲಿ ಜಾಸ್ತಿ, ಲಿವರ್‌ನಲ್ಲೂ ಸ್ವಲ್ಪ ಇದೆ. ಎರಡರ ರುಚಿ ಬೇರೆ ಬೇರೆ. ಆಲ್ಕೊಹಾಲ್ ಕಡೆ ಚಿಕ್ಕದಾಗಿ, ಆಮ್ಲದ ಕಡೆ ದೊಡ್ಡದಾಗಿ ಇದ್ದರೆ ಸಿಇಎಸ್1ಗೆ ಇಷ್ಟ. ಆಮ್ಲದ ಕಡೆ ಚಿಕ್ಕದು, ಆಲ್ಕೊಹಾಲ್ ಕಡೆ ದೊಡ್ಡದು ಇದ್ದರೆ ಸಿಇಎಸ್2ಗೆ ಇಷ್ಟ. ಎಲ್ಲ ಔಷಧಕ್ಕೂ ಕೂದಲೆಳೆಯಷ್ಟೂ ತಪ್ಪದ ನಿಯಮ ಇದಲ್ಲ. ಆದರೆ ಯಜಮಾನರ ಚೀಟಿಗೆ ಪೂರ್ತಿ ಹೊಂದುತ್ತದೆ.

ಕ್ಲೊಪಿಡೊಗ್ರೆಲ್‌ಗೆ ಆಲ್ಕೊಹಾಲ್ ಕಡೆ ಇರುವುದು ಮೀಥೈಲ್ ಎಂಬ ಪುಟ್ಟ ಬಾಲ. ರಾಮಿಪ್ರಿಲ್‌ಗೆ ಈಥೈಲ್, ಅದೂ ಪುಟ್ಟದೇ. ಎರಡೂ ಸಿಇಎಸ್1 ಪಾಲು. ಆಸ್ಪಿರಿನ್‌ನಲ್ಲಿ ಆಮ್ಲದ ಕಡೆ ಚಿಕ್ಕದು. ಅದು ಸಿಇಎಸ್2 ಪಾಲಿಗೆ ಹೋಗುತ್ತದೆ, ರಕ್ತದಲ್ಲಿರುವ ಬೇರೆ ಎಸ್ಟರೇಸ್‌ಗಳೂ ಅದನ್ನು ಒಡೆಯುತ್ತವೆ. ಮೆಟೊಪ್ರೊಲಾಲ್ ಮತ್ತು ಅಟೊರ್ವಾಸ್ಟಾಟಿನ್‌ಗೆ ಈ ಕಿಣ್ವಗಳ ಗೊಡವೆ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಮಿಪ್ರಿಲ್. ಅದು ಕೂಡ ಮಾತ್ರೆಯಲ್ಲಿ ನಿದ್ದೆಯಲ್ಲೇ ಇರುತ್ತದೆ. ಸಿಇಎಸ್1 ಅದರ ಬಾಲ ಕತ್ತರಿಸಿದಾಗ ರಾಮಿಪ್ರಿಲಾಟ್ ಆಗಿ ಏಳುತ್ತದೆ. ರಕ್ತದೊತ್ತಡ ಇಳಿಸುವುದು, ಪೆಟ್ಟು ತಿಂದ ಹೃದಯದ ಹೊರೆ ಇಳಿಸುವುದು ಎಲ್ಲ ಈ ರಾಮಿಪ್ರಿಲಾಟ್ ಕೆಲಸ. ಎನಾಲಾಪ್ರಿಲ್, ಪೆರಿಂಡೊಪ್ರಿಲ್ ಕೂಡ ಹೀಗೇ. ಅಂದರೆ ಒಂದೇ ಚೀಟಿಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಕಿಣ್ವ ಒಂದು ಮಾತ್ರೆಯನ್ನು ಎಬ್ಬಿಸುತ್ತದೆ, ಇನ್ನೊಂದನ್ನು ಕೊಲ್ಲುತ್ತದೆ. ಕಿಣ್ವಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕತ್ತರಿಸುವುದು.

ಇದನ್ನು ನಾನು ಯಜಮಾನರಿಗೆ ಹೇಳಿದ್ದು ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಜಗಲಿ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಹಳೆಯ ಬಿಲ್ಲಿನ ಹಿಂದೆ ಚಿತ್ರ ಬರೆದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅಲ್ಲಪ್ಪಾ, ಮಚ್ಚು ಒಂದೇ ಅಲ್ವಾ. ಎಳನೀರಿನ ಮೂತಿ ಕೆತ್ತಿದ್ರೆ ಕುಡೀಬಹುದು. ಬಿತ್ತನೆ ಕಾಯಿಗೆ ಅದೇ ಮಚ್ಚು ಹಾಕಿದ್ರೆ ಮೊಳಕೆ ಎಲ್ಲಿ ಬರುತ್ತೆ?"

ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಎರಡು ಮಾತಲ್ಲಿ ಹೇಳಿದರು. ರಾಮಿಪ್ರಿಲ್ ಎಳನೀರು. ಕ್ಲೊಪಿಡೊಗ್ರೆಲ್ ಬಿತ್ತನೆ ಕಾಯಿ. ಅಂದಿನಿಂದ ನಾನು ಯಾರಿಗೆ ವಿವರಿಸಿದರೂ ಈ ಮಾತನ್ನೇ ಬಳಸುತ್ತೇನೆ.

"ಆ ಮಚ್ಚನ್ನೇ ಕಟ್ಟಿಹಾಕಿದ್ರೆ?" ಅಂತ ಸೊಸೆ ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಕಟ್ಟಿಹಾಕಿದರೆ ಕ್ಲೊಪಿಡೊಗ್ರೆಲ್ ಜಾಸ್ತಿ ಉಳಿಯುತ್ತದೆ, ಆದರೆ ರಾಮಿಪ್ರಿಲ್ ಏಳುವುದಿಲ್ಲ. ಕ್ಲೊಪಿಡೊಗ್ರೆಲ್ ಅತಿಯಾದರೆ ರಕ್ತಸ್ರಾವ. ಸಾಲದ್ದಕ್ಕೆ, ಲಿವರ್‌ನಲ್ಲಿ ಕೊಬ್ಬನ್ನು ಸಂಭಾಳಿಸುವ ಕೆಲಸದಲ್ಲೂ ಸಿಇಎಸ್1ಗೆ ಕೈ ಇದೆ. ಹುಟ್ಟಿನಿಂದಲೇ ಈ ಮಚ್ಚು ಮೊಂಡಾಗಿರುವ ಕೆಲವರು ಇದ್ದಾರೆ. ಅಮೈನೊ ಆಮ್ಲಗಳನ್ನು ಪೋಣಿಸಿದ ಸಿಇಎಸ್1 ಸರಪಳಿಯ 143ನೇ ಜಾಗದಲ್ಲಿ ಗ್ಲೈಸಿನ್ ಬದಲು ಗ್ಲುಟಾಮಿಕ್ ಆಮ್ಲ ಬಂದು ಕೂತಿರುತ್ತದೆ. ಇದು ಬೆಳಕಿಗೆ ಬಂದದ್ದು 2008ರಲ್ಲಿ, ಮೀಥೈಲ್‌ಫೆನಿಡೇಟ್ ಎಂಬ ಔಷಧ ಒಬ್ಬ ಸ್ವಯಂಸೇವಕರ ರಕ್ತದಲ್ಲಿ ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ ಉಳಿದಾಗ. 2013ರಲ್ಲಿ ಅಮೆರಿಕದ ಆಮಿಷ್ ಸಮುದಾಯದವರಲ್ಲಿ ನೋಡಿದಾಗ, ಇದೇ ಬದಲಾವಣೆ ಇದ್ದವರಿಗೆ ಕ್ಲೊಪಿಡೊಗ್ರೆಲ್ ಹೆಚ್ಚು ಬಲವಾಗಿ ಹತ್ತುತ್ತಿತ್ತು. ಲೆಕ್ಕ ಸರಿಹೋಗುತ್ತದೆ ಅಲ್ವಾ? ಕತ್ತರಿಸುವುದು ಕಡಿಮೆಯಾದರೆ ಉಳಿಯುವುದು ಜಾಸ್ತಿ.

ಯಜಮಾನರ ತೊಂದರೆ ಇದಕ್ಕೆ ತದ್ವಿರುದ್ಧ. ಅವರಿಗೆ ಸಿಇಎಸ್1 ಪರೀಕ್ಷೆ ಮಾಡಿಸಿಲ್ಲ. ಮಾಡಿಸಿದ್ದರೂ ಚಿಕಿತ್ಸೆ ಬದಲಾಗುತ್ತಿರಲಿಲ್ಲ.

ಅನುಮಾನ ಯಾರ ಮೇಲೆ

ಬೆಂಗಳೂರಿನ ಡಾಕ್ಟರ್ ಎರಡು ಪರೀಕ್ಷೆ ಮಾಡಿಸಿದರು. ಒಂದು, ಪ್ಲೇಟ್‌ಲೆಟ್‌ಗಳು ಎಷ್ಟು ಸುಮ್ಮನಾಗಿವೆ ಅಂತ ನೋಡುವ ರಕ್ತಪರೀಕ್ಷೆ. ಸುಮ್ಮನಾಗಿರಲಿಲ್ಲ. ಇನ್ನೊಂದು, ಸಿವೈಪಿ2ಸಿ19 ಜೀನ್ ಪರೀಕ್ಷೆ. ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಲಸ ಮಾಡದ ಬಗೆಯದ್ದು ಅಂತ ಬಂತು. ನಮ್ಮ ಜನರಲ್ಲಿ ಇದು ಅಪರೂಪವೇನಲ್ಲ. ಎರಡೂ ಪ್ರತಿ ಕೆಟ್ಟಿದ್ದರೆ ಕ್ಲೊಪಿಡೊಗ್ರೆಲ್ ಸರಿಯಾಗಿ ಹತ್ತದಿರಬಹುದು ಅಂತ ಎಫ್‌ಡಿಎ 2010ರಲ್ಲೇ ದಪ್ಪ ಚೌಕಟ್ಟಿನ ಎಚ್ಚರಿಕೆ ಹಾಕಿಸಿತ್ತು. ಯಜಮಾನರದು ಅಷ್ಟು ಕೆಟ್ಟ ಸ್ಥಿತಿ ಅಲ್ಲ. ಅರ್ಧ ಶಕ್ತಿ ಇತ್ತು. ಆ ಅರ್ಧದ ಮೇಲೆ ಒಮೆಪ್ರಜೋಲ್ ಹೋಗಿ ಕೂತಿತು.

ಮೊದಲೇ ನೂರರಲ್ಲಿ 85 ಹೋಗಿದೆ. ಉಳಿದ 15ನ್ನು ಎಬ್ಬಿಸಬೇಕಾದ ಕಿಣ್ವ ಹುಟ್ಟಿನಿಂದ ಅರ್ಧ. ಅದನ್ನೂ ಒಂದು ಕ್ಯಾಪ್ಸೂಲ್ ಹಿಡಿದುಕೊಂಡಿದೆ. ನನಗೆ ಕಾಣುವ ಚಿತ್ರ ಇದು. ಒಮೆಪ್ರಜೋಲ್ ಒಂದೇ ಕಾರಣ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಸ್ಟೆಂಟ್ ಕೂತ ರೀತಿ, ಸಕ್ಕರೆ ಕಾಯಿಲೆ, ಬೀಡಿ, ಹೀಗೆ ಹೆಪ್ಪು ಕಟ್ಟಲು ಬೇರೆ ಕಾರಣಗಳೂ ಇರುತ್ತವೆ. ಯಜಮಾನರಿಗೆ ಸಕ್ಕರೆ ಇಲ್ಲ. ಬೀಡಿಯನ್ನು ಸಂಕ್ರಾಂತಿಯ ದಿನವೇ ಬಿಟ್ಟಿದ್ದರು. ಆದರೆ ತಪ್ಪಿಸಬಹುದಾಗಿದ್ದ ಕಾರಣ ಅದೊಂದೇ, ಮತ್ತು ಅದು ನಮ್ಮ ಕೌಂಟರ್‌ನಿಂದ ಹೋದದ್ದು. ಡಾಕ್ಟರ್‌ಗೆ ಫೋನ್ ಮಾಡಿ ಹೇಳಿದೆ. ಮನೆಯವರಿಗೂ ಹೇಳಿದೆ. ಮಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೇಳಿದ್ರಲ್ಲ ಅಣ್ಣಾ, ಸಾಕು" ಅಂದ. ಅದು ಕ್ಷಮೆಯೋ ಅಲ್ಲವೋ ಇವತ್ತಿಗೂ ನನಗೆ ತಿಳಿದಿಲ್ಲ.

ಡಾಕ್ಟರ್ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಹಿಡಿಸಿತು: "ತೋಟಕ್ಕೆ ಏನು ಔಷಧಿ ಹೊಡೀತೀರಿ?" ನಮ್ಮ ಕಡೆ ತೆಂಗಿಗೆ ನುಸಿ ಪೀಡೆ ಬಂದಾಗ ಬೇರಿಗೆ ಮಾನೊಕ್ರೊಟೊಫಾಸ್ ಕಟ್ಟುತ್ತಿದ್ದರು. ಅದು ಆರ್ಗನೊಫಾಸ್ಫೇಟ್ ಗುಂಪಿನ ವಿಷ. ಆ ಗುಂಪಿನ ವಿಷಗಳು ನರಗಳ ಕಿಣ್ವಕ್ಕೆ ಅಂಟುವ ಹಾಗೇ ಕಾರ್ಬಾಕ್ಸಿಲ್‌ಎಸ್ಟರೇಸ್‌ಗೂ ಅಂಟಿ ಅದನ್ನು ಕೆಲಸದಿಂದ ತೆಗೆದುಬಿಡುತ್ತವೆ. ಕತ್ತರಿಸುವ ಜಾಗದಲ್ಲಿರುವ ಸೆರೀನ್ ಎಂಬ ಅಮೈನೊ ಆಮ್ಲವೇ ಅವಕ್ಕೆ ಸಿಗುವ ಹಿಡಿ. ಯಜಮಾನರು ಆ ವರ್ಷ ಅಂಥದ್ದೇನೂ ಮುಟ್ಟಿರಲಿಲ್ಲ, ಮಾತು ಅಲ್ಲಿಗೆ ನಿಂತಿತು. ಆದರೂ ರೈತರಿಗೆ ಔಷಧ ಕೊಡುವಾಗ ಕೇಳಲೇಬೇಕಾದ ಪ್ರಶ್ನೆ ಅದು. ಈಗ ನಾನೂ ಕೇಳುತ್ತೇನೆ.

ಬದಲಾದ ಮಾತ್ರೆ

ಕ್ಲೊಪಿಡೊಗ್ರೆಲ್ ಬಿಡಿಸಿ ಪ್ರಾಸುಗ್ರೆಲ್ ಕೊಟ್ಟರು. ಮೊದಲು ಒಂದೇ ಸಲ 60 ಮಿಲಿಗ್ರಾಂ, ಆಮೇಲೆ ದಿನಕ್ಕೆ 10. ಕೊಡುವ ಮೊದಲು ಮೂರು ವಿಷಯ ನೋಡಿದರು. ಯಾವತ್ತಾದರೂ ಲಕ್ವ ಹೊಡೆದಿತ್ತಾ? ಇಲ್ಲ. ತೂಕ 60 ಕಿಲೋಗಿಂತ ಕಡಿಮೆಯಾ? 68. ವಯಸ್ಸು 75 ದಾಟಿದೆಯಾ? ಇಲ್ಲ. ಲಕ್ವ ಆದವರಿಗೆ ಈ ಮಾತ್ರೆ ಕೊಡುವಂತಿಲ್ಲ. ಉಳಿದ ಎರಡರಲ್ಲಿ ರಕ್ತಸ್ರಾವದ ಭಯ ಜಾಸ್ತಿ.

ಪ್ರಾಸುಗ್ರೆಲ್ ಕೂಡ ಕ್ಲೊಪಿಡೊಗ್ರೆಲ್‌ನ ಮನೆತನದ್ದೇ. ಅದೂ ನಿದ್ದೆಯ ಮಾತ್ರೆಯೇ, ಅದರಲ್ಲೂ ಎಸ್ಟರ್ ಇದೆ. ಆದರೆ ಅದರ ಬಾಲ ಆಮ್ಲದ ಕಡೆಯ ಪುಟ್ಟ ಅಸಿಟೈಲ್, ಆಸ್ಪಿರಿನ್‌ನ ಹಾಗೆ. ಹಾಗಾಗಿ ಕರುಳಿನಲ್ಲೇ ಸಿಇಎಸ್2 ಅದನ್ನು ಕತ್ತರಿಸುತ್ತದೆ. ಇಲ್ಲಿ ಕತ್ತರಿಸಿದರೆ ಹಾಳಾಗುವುದಿಲ್ಲ, ಎಚ್ಚರದ ಕಡೆಗೆ ಮೊದಲ ಹೆಜ್ಜೆ ಇಡುತ್ತದೆ. ಅಲ್ಲಿಂದ ಸಿವೈಪಿ ಕಿಣ್ವಗಳ ಒಂದೇ ಮೆಟ್ಟಿಲು. ಅದಕ್ಕೂ ಸಿವೈಪಿ2ಸಿ19 ಒಂದನ್ನೇ ನಂಬಿ ಕೂರಬೇಕಾಗಿಲ್ಲ. ಒಂದು ಔಷಧದಲ್ಲಿ ನಷ್ಟಕ್ಕೆ ಕಾರಣವಾದ ಕಿಣ್ವದ ತಮ್ಮನನ್ನೇ ಇನ್ನೊಂದರಲ್ಲಿ ಬಾಗಿಲು ತೆರೆಯಲು ನಿಲ್ಲಿಸಿದ್ದಾರೆ. ಅಣುವಿನಲ್ಲಿ ಎಸ್ಟರ್ ಇರುವ ಜಾಗ ಬದಲಾದದ್ದಕ್ಕೆ ಇಷ್ಟು ವ್ಯತ್ಯಾಸ. ಓದಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು.

ನಿದ್ದೆಯೇ ಇಲ್ಲದ, ನುಂಗಿದ ಹಾಗೇ ಕೆಲಸ ಮಾಡುವ ಟಿಕಾಗ್ರೆಲರ್ ಕೂಡ ಇದೆ. ದಿನಕ್ಕೆ ಎರಡು ಹೊತ್ತು ತಗೋಬೇಕು, ಕೆಲವರಿಗೆ ಉಸಿರು ಕಟ್ಟಿದ ಹಾಗಾಗುತ್ತದೆ. ತೋಟಕ್ಕೆ ಹೋದವರು ಸಂಜೆಯ ಮಾತ್ರೆ ಮರೆಯುತ್ತಾರೆ ಅಂತ ಮನೆಯವರೇ ಹೇಳಿದ್ದರಿಂದ ಡಾಕ್ಟರ್ ಪ್ರಾಸುಗ್ರೆಲ್ ಆರಿಸಿದರು.

ಆಸ್ಪಿರಿನ್ ಮುಂದುವರಿಯಿತು. ಇಷ್ಟು ಬೇಗ ಒಡೆದುಹೋಗುವ ಔಷಧ ಇಡೀ ದಿನ ಹೇಗೆ ಕಾಯುತ್ತದೆ ಅಂತ ಮಗನಿಗೆ ಆಶ್ಚರ್ಯ. ಆಸ್ಪಿರಿನ್ ಕತ್ತರಿಸಿಕೊಳ್ಳುವ ಮೊದಲು, ಕರುಳಿನಿಂದ ಲಿವರ್‌ಗೆ ಹೋಗುವ ರಕ್ತದಲ್ಲೇ ಪ್ಲೇಟ್‌ಲೆಟ್‌ಗಳನ್ನು ಹಿಡಿದು ಮುದ್ರೆ ಒತ್ತಿಬಿಡುತ್ತದೆ. ಆ ಪ್ಲೇಟ್‌ಲೆಟ್ ಬದುಕುವುದು ಏಳರಿಂದ ಹತ್ತು ದಿನ, ಅಷ್ಟೂ ದಿನ ಅದು ಸುಮ್ಮನೆ. ದಿನಾ ಹೊಸ ಪ್ಲೇಟ್‌ಲೆಟ್ ಹುಟ್ಟುವುದರಿಂದ ದಿನಾ ಮಾತ್ರೆ ಬೇಕು.

ರಾಮಿಪ್ರಿಲ್ ಇದೆ, ಎರಡನೇ ತಿಂಗಳಿಗೆ 5 ಮಿಲಿಗ್ರಾಂ ಮಾಡಿದ್ದಾರೆ. ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಈ ಸಲ ತಿಂಗಳ ಲೆಕ್ಕವಿಲ್ಲ, ಪ್ರಾಸುಗ್ರೆಲ್ ಇರುವಷ್ಟು ದಿನವೂ. ಮತ್ತೆ ಮಾಡಿದ ಪ್ಲೇಟ್‌ಲೆಟ್ ಪರೀಕ್ಷೆ ಸರಿಯಾಗಿ ಬಂತು.

ಅಂಗಡಿಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಗ್ಯಾಸ್ಟ್ರಿಕ್ ಮಾತ್ರೆ ಕೇಳಿದವರಿಗೆ ಹುಡುಗ ಮೊದಲು ಕೇಳುವುದು: "ಹಾರ್ಟಿಗೆ ಏನಾದ್ರೂ ಮಾತ್ರೆ ತಗೊಳ್ತೀರಾ?" ಹೌದು ಅಂದರೆ ಚೀಟಿ ನೋಡದೆ ಏನೂ ಕೊಡುವುದಿಲ್ಲ. ಕೆಲವರು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ ಅಂತ ಬಿಡಲಾಗದೆ ಹಿಂದೆಯೇ ಹೋಗಿ ಆ ಅಂಗಡಿಯವರಿಗೂ ಹೇಳಿ ಬಂದಿದ್ದೇನೆ.

ಕಳೆದ ತಿಂಗಳು ಯಜಮಾನರು ಬಂದಿದ್ದರು. ಹಲ್ಲುಜ್ಜುವಾಗ ವಸಡಲ್ಲಿ ಸ್ವಲ್ಪ ರಕ್ತ, ಕಾಯಿ ಸುಲಿದ ದಿನ ಅಂಗೈ ಹತ್ತಿರ ನೀಲಿ ಕಲೆ. ಡಾಕ್ಟರ್ ನೋಡಿದ್ದಾರೆ, ಮುಂದುವರಿಸಿ ಅಂದಿದ್ದಾರೆ. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತರು.

"ದವಡೆ ಹಲ್ಲು ಕೀಳಿಸ್ಬೇಕಪ್ಪಾ. ಮೂರು ದಿನ ಆ ಮಾತ್ರೆ ನಿಲ್ಲಿಸ್ಲಾ?"

ಅವರನ್ನು ಕೂರಿಸಿ, ಅವರ ಎದುರೇ ಬೆಂಗಳೂರಿನ ಡಾಕ್ಟರ್‌ಗೆ ಫೋನ್ ಮಾಡಿದೆ. ನಿಲ್ಲಿಸುವುದು ಬೇಡ, ಹಲ್ಲಿನ ಡಾಕ್ಟರ್‌ಗೆ ಚೀಟಿ ತೋರಿಸಿ ನನ್ನ ಜೊತೆ ಮಾತಾಡಲು ಹೇಳಿ ಅಂದರು. ಚೀಟಿಯ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಮಡಿಚಿ ಯಜಮಾನರ ಅಂಗಿ ಜೇಬಿಗೆ ಇಟ್ಟೆ.